ಮಗುವಿನ ಜ್ಞಾನಸ್ನಾನ ಯಾವ ಇಗರ್ಜಿಯಲ್ಲಿ? ಇನ್ನೊಂದು ಸಭೆಯಲ್ಲಿ ಮತ್ತೆ ಮುಳುಗಿದರೆ ಅದಕ್ಕೇನು ಅರ್ಥ?

ಪೈವಳಿಕೆ ಓದುಗ ಕೇಳಿದ್ದು:

ತಮ್ಮನ ಮಗುವಿಗೆ ಈಗ ಒಂದೂವರೆ ತಿಂಗಳು. ತಮ್ಮ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ನಮ್ಮ ಊರಿನ ಕಥೊಲಿಕ ಇಗರ್ಜಿಯವನು (ಚರ್ಚಿನವನು). ಅವನ ಹೆಂಡತಿ ವೆಳ್ಳರಿಕುಂಡು ಕಡೆಯ ಸಿರೋ ಮಲಬಾರ್ (ಕೇರಳದ ಪೂರ್ವ ಪರಂಪರೆಯ ಕಥೊಲಿಕ ಸಭೆ) ಮನೆಯವಳು. ಬಾಣಂತನ ತವರಿನಲ್ಲಿ ನಡೆಯುತ್ತಿರುವುದರಿಂದ ಮಾಮೋದೀಸವನ್ನೂ (ಜ್ಞಾನಸ್ನಾನವನ್ನೂ) ಅಲ್ಲೇ ಮುಗಿಸೋಣ ಎಂದು ಆ ಕಡೆಯವರು ಹೇಳುತ್ತಿದ್ದಾರೆ. ಅಮ್ಮನಿಗೆ ನಮ್ಮ ಇಗರ್ಜಿಯಲ್ಲೇ ಆಗಬೇಕೆಂದು ಆಸೆ. ಇದರ ನಡುವೆ ಚಿಕ್ಕಪ್ಪನ ಮಗ ಪೆಂತೆಕೋಸ್ತ್ ಸಭೆ ಸೇರಿ ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಂಡಿದ್ದಾನೆ. ಏನೂ ತಿಳಿಯದ ಮಗುವಿನ ತಲೆಗೆ ನೀರು ಹೊಯ್ದರೆ ಅದು ಸ್ನಾನವೇ ಅಲ್ಲ ಎನ್ನುತ್ತಾನೆ. ಆದರೂ ಈ ಮಗುವಿಗೆ ಗಾಡ್‌ಫಾದರ್ (ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವವನು) ಆಗಲು ಅವನಿಗೆ ಮನಸ್ಸುಂಟು.

ಮಗುವಿಗೆ ಕೊಡುವುದರ ಅರ್ಥವೇನು, ಎಲ್ಲಿ ಕೊಟ್ಟರೆ ಮುಂದೆ ತೊಂದರೆ ಇಲ್ಲ, ಅವನು ಗಾಡ್‌ಫಾದರ್ ಆಗಬಹುದೇ, ಎರಡನೇ ಸಲ ಮುಳುಗಿದ್ದನ್ನು ಸಭೆ ಹೇಗೆ ನೋಡುತ್ತದೆ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಬೇಳ ಸೀಮೆ ಉತ್ತರ:

ಅರ್ಥದಿಂದಲೇ ಶುರು ಮಾಡುತ್ತೇನೆ. ನೀವು ಕೇಳಿದ ಉಳಿದ ಎಲ್ಲ ನಿಯಮಗಳ ಬೇರು ಅಲ್ಲೇ ಇದೆ.

ಜ್ಞಾನಸ್ನಾನದಲ್ಲಿ ಮೊದಲು ಕೆಲಸ ಮಾಡುವವನು ದೇವರು. ನಾವು ಅವನಿಗೆ ಕೊಡುವ ಮಾತು ಆಮೇಲಿನದು. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಸಂತ ಪೌಲರು ಇದನ್ನು ಮರಣ ಮತ್ತು ಹುಟ್ಟಿನ ಮಾತಾಗಿ ಹೇಳುತ್ತಾರೆ: ನೀರಿಗಿಳಿದವನು ಕ್ರಿಸ್ತನ ಜೊತೆ ಹೂಳಲ್ಪಟ್ಟು, ಅವನ ಜೊತೆ ಹೊಸ ಜೀವಕ್ಕೆ ಏಳುತ್ತಾನೆ. ಯೊವಾನ್ನರ ಸುವಾರ್ತೆಯ 3ನೇ ಅಧ್ಯಾಯದಲ್ಲಿ ನಿಕೊದೇಮನಿಗೆ ಯೇಸು ಹೇಳುವುದು ನೀರಿನಿಂದಲೂ ಪವಿತ್ರಾತ್ಮರಿಂದಲೂ ಆಗುವ ಹುಟ್ಟಿನ ಬಗ್ಗೆ. ಜನ್ಮಪಾಪದ ಬಿಡುಗಡೆ, ದೇವರ ಮಕ್ಕಳಾಗುವ ಭಾಗ್ಯ, ಕ್ರಿಸ್ತನ ದೇಹವಾದ ಸಭೆಗೆ ಸೇರ್ಪಡೆ, ಆತ್ಮದ ಮೇಲೆ ಅಳಿಸಲಾಗದ ಮುದ್ರೆ: ಇಷ್ಟೂ ಒಟ್ಟಿಗೆ ಬರುತ್ತವೆ. ಮುದ್ರೆ ಅಳಿಯದ್ದರಿಂದಲೇ ಜ್ಞಾನಸ್ನಾನ ಬದುಕಿನಲ್ಲಿ ಒಂದೇ ಸಲ. ಮತ್ತೆ ಕೊಡುವ ಮಾತಿಲ್ಲ.

'ಮಗುವಿಗೆ ಏನೂ ತಿಳಿಯದಲ್ಲ' ಎಂಬುದು ಹಗುರವಾದ ಪ್ರಶ್ನೆ ಅಲ್ಲ, ಅದಕ್ಕೆ ಗೌರವದಿಂದಲೇ ಉತ್ತರಿಸಬೇಕು. ನಮ್ಮ ಕಡೆ ಹುಟ್ಟಿದ ಮಗುವನ್ನು ಯಾರೂ ಕೇಳಿ ಭಾಷೆ ಕಲಿಸುವುದಿಲ್ಲ. ಕೊಂಕಣಿ, ತುಳು, ಕನ್ನಡ, ಮಲಯಾಳ ಕಿವಿಗೆ ಬಿದ್ದುಬಿದ್ದು ಅದರದ್ದೇ ಆಗುತ್ತವೆ. ವಿಶ್ವಾಸವೂ ಹಾಗೆ ಮೊದಲು ಸಿಕ್ಕಿ, ಆಮೇಲೆ ತನ್ನದಾಗುತ್ತದೆ. ಮಗು ಸ್ನಾನ ಪಡೆಯುವುದು ಸಭೆಯ ಮತ್ತು ತಂದೆತಾಯಿಯ ವಿಶ್ವಾಸದ ಮೇಲೆ. ಆದ್ದರಿಂದಲೇ ಮಗು ಕಥೊಲಿಕ ವಿಶ್ವಾಸದಲ್ಲಿ ಬೆಳೆಯುತ್ತದೆ ಎಂಬ ಭರವಸೆಗೆ ಆಧಾರವೇ ಇಲ್ಲದಿದ್ದರೆ ಫಾದರ್ ಅದನ್ನು ಮುಂದೂಡಬಹುದು. ಸಭೆಯ ಕಾನೂನಿನ 868ನೇ ವಿಧಿ ಹೇಳುವುದು ಇದನ್ನೇ. ಮುಂದೂಡುವುದೆಂದರೆ ನಿರಾಕರಿಸಿದಂತಲ್ಲ, ಕಾರಣವನ್ನು ತಂದೆತಾಯಿಗೆ ತಿಳಿಸಿಯೇ ಮುಂದೂಡಬೇಕು.

ಬೈಬಲಿನಲ್ಲಿ 'ಕೂಸಿಗೆ ಕೊಟ್ಟರು' ಎಂದು ನೇರವಾಗಿ ಬರೆದ ವಾಕ್ಯ ಇಲ್ಲ, ಅದನ್ನು ಒಪ್ಪಿಕೊಂಡೇ ಮಾತಾಡಬೇಕು. ಲಿದಿಯಳ ಮನೆಯವರೆಲ್ಲ, ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಯ ಮನೆಯವರೆಲ್ಲ ಸ್ನಾನ ಪಡೆದರೆಂದು ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯದಲ್ಲಿದೆ. ಕ್ರಿ.ಶ. 200ರ ಹೊತ್ತಿಗೆ ಉತ್ತರ ಆಫ್ರಿಕದ ತೆರ್ತುಲಿಯನ್, ಮಕ್ಕಳಿಗೆ ಸ್ವಲ್ಪ ತಡೆದು ಕೊಡುವುದು ಒಳ್ಳೆಯದೆಂದು ವಾದಿಸಿದ. ಅವನು ಹಾಗೆ ವಾದಿಸಬೇಕಾಗಿ ಬಂತೆಂದರೆ ಆಗಲೇ ಮಕ್ಕಳಿಗೆ ಕೊಡುವ ರೂಢಿ ಇತ್ತು ಎಂದಾಯಿತು. ಮೂರನೇ ಶತಮಾನದ ಮಧ್ಯದಲ್ಲಿ ಕಾರ್ತೇಜಿನ ಸಂತ ಸಿಪ್ರಿಯನ್ ಮತ್ತು ಜೊತೆಯ ಬಿಷಪರು ಎಂಟನೇ ದಿನದವರೆಗೂ ಕಾಯಬೇಕಿಲ್ಲ ಎಂದರು.

ನಿಮ್ಮ ಚಿಕ್ಕಪ್ಪನ ಮಗನ ವಿಷಯ. ಕಥೊಲಿಕ ಸಭೆಯ ಲೆಕ್ಕದಲ್ಲಿ ಅವನ ಮೊದಲ ಜ್ಞಾನಸ್ನಾನ ಹಾಗೆಯೇ ಉಂಟು, ಹೊಳೆಯಲ್ಲಿ ನಡೆದದ್ದು ಅದಕ್ಕೆ ಏನನ್ನೂ ಸೇರಿಸಲಿಲ್ಲ, ಏನನ್ನೂ ತೆಗೆಯಲಿಲ್ಲ. ಮುಂದೆ ಅವನು ಮರಳಿ ಬಂದರೆ ಪಾಪನಿವೇದನೆಯ ದಾರಿಯಲ್ಲಿ ಬರುತ್ತಾನೆ. ನೀರಿನ ಅಗತ್ಯ ಇಲ್ಲ. ಅವನ ಪ್ರಾಮಾಣಿಕತೆಯನ್ನು ಮನೆಯಲ್ಲಿ ಯಾರೂ ಹಂಗಿಸಬೇಡಿ. ದೇವರನ್ನು ಗಟ್ಟಿಯಾಗಿ ಹಿಡಿಯಬೇಕೆಂಬ ಹಂಬಲದಿಂದಲೇ ಅವನು ಹೊಳೆಗೆ ಇಳಿದದ್ದು.

ಇಗರ್ಜಿ ದಫ್ತರ ಉತ್ತರ:

ಬೇಳ ಸೀಮೆಯವರು ಅರ್ಥ ಹೇಳಿದರು. ನಾನು ಪುಸ್ತಕದ ಮತ್ತು ತಯಾರಿಯ ಸಂಗತಿ ಹೇಳುತ್ತೇನೆ. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಮೊದಲು, ಮಗು ಯಾವ ರೀತಿಗೆ (ಕಥೊಲಿಕ ಸಭೆಯೊಳಗಿನ ಪೂಜಾಪರಂಪರೆಗೆ) ಸೇರುತ್ತದೆ? ತಂದೆ ಲತೀನ್ ರೀತಿ, ತಾಯಿ ಸಿರೋ ಮಲಬಾರ್. ಬೇರೇನೂ ನಿರ್ಧರಿಸದಿದ್ದರೆ ಮಗು ತಂದೆಯ ರೀತಿಗೆ, ಅಂದರೆ ಲತೀನ್ ಸಭೆಗೆ. ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ತಾಯಿಯ ರೀತಿಗೆ ಸೇರಿಸಬಹುದು. ಸ್ನಾನ ನಡೆದ ಕಟ್ಟಡ ಯಾವುದು, ಕೊಟ್ಟ ಫಾದರ್ ಯಾರು ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ. ವೆಳ್ಳರಿಕುಂಡಿನಲ್ಲಿ ಕೊಟ್ಟ ಮಾತ್ರಕ್ಕೆ ಮಗು ಸಿರೋ ಮಲಬಾರ್ ಆಗಿಬಿಡುವುದಿಲ್ಲ. 2016ರ ತಿದ್ದುಪಡಿಯ ನಂತರ ಮಗು ಸೇರಿದ ರೀತಿಯನ್ನು ಜ್ಞಾನಸ್ನಾನದ ಪುಸ್ತಕದಲ್ಲಿ ಬರೆಯಲೇಬೇಕು. ಆ ಕಲಂ ಖಾಲಿ ಬಿಟ್ಟರೆ ಇಪ್ಪತ್ತೈದು ವರ್ಷ ಕಳೆದು ಮದುವೆಯ ಹೊತ್ತಿಗೆ ಪತ್ರವ್ಯವಹಾರ ಶುರುವಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಸಿರೋ ಮಲಬಾರ್ ವಿಧಿಯಲ್ಲಿ ಸ್ನಾನದ ಜೊತೆಗೇ ಮೂರೋನ್ ತೈಲದ ಅಭಿಷೇಕವೂ ಆಗುತ್ತದೆ, ಅದೇ ನಮ್ಮ ಕ್ರಿಜ್ಮಾ, ಅಂದರೆ ದೃಢೀಕರಣ. ನಮ್ಮಲ್ಲಿ ಕ್ರಿಜ್ಮಾ ಕೊಡುವುದು ಮಗು ಬೆಳೆದ ಮೇಲೆ, ಸಾಮಾನ್ಯವಾಗಿ ಬಿಷಪರ ಕೈಯಿಂದ. ಅಲ್ಲಿ ಮೂರೋನ್ ಪಡೆದ ಮಗುವನ್ನು ಇಲ್ಲಿ ಕ್ರಿಜ್ಮಾದ ಸಾಲಿನಲ್ಲಿ ನಿಲ್ಲಿಸಿದರೆ ಅದು ತಪ್ಪು, ಯಾಕೆಂದರೆ ಕ್ರಿಜ್ಮಾವೂ ಒಮ್ಮೆ ಮಾತ್ರ ಕೊಡುವ ಸಂಸ್ಕಾರ. ಎರಡೂ ರೀತಿ ಕೂಡಿದ ಕುಟುಂಬಗಳಲ್ಲಿ ಪ್ರಮಾಣಪತ್ರ ಸರಿಯಾಗಿ ಓದದೆ ಇದು ಆಗಿಬಿಡಬಹುದು. ಆದ್ದರಿಂದ ಮಗುವನ್ನು ಲತೀನ್ ಎಂದೇ ಇಡುವುದಾದರೆ ನಮ್ಮ ಇಗರ್ಜಿಯಲ್ಲಿ ನಮ್ಮ ವಿಧಿಯಲ್ಲಿ ಕೊಡಿಸುವುದು ಸುಲಭ. ತವರಿನಲ್ಲೇ ಆಗಬೇಕಾದ ಗಟ್ಟಿ ಕಾರಣ ಇದ್ದರೆ ನಿಮ್ಮ ಇಗರ್ಜಿಯ ಫಾದರ್ ಅವರಿಂದ ಒಪ್ಪಿಗೆ ಪತ್ರ ತೆಗೆದುಕೊಂಡು ಹೋಗಿ, ಏನೇನು ಕೊಡಲಾಯಿತು ಎಂಬುದನ್ನು ಪ್ರಮಾಣಪತ್ರದಲ್ಲಿ ಬರೆಸಿಕೊಂಡು ಬನ್ನಿ. ಮೂಲ ದಾಖಲೆ ಸ್ನಾನ ನಡೆದ ಇಗರ್ಜಿಯಲ್ಲೇ ಉಳಿಯುತ್ತದೆ. ಮುಂದೆ ಮದುವೆಗೆ ಹೊಸ ಪ್ರತಿ ಬೇಕಾದಾಗ ಅಲ್ಲಿಗೇ ಬರೆಯಬೇಕು. ಗಲ್ಫಿನಲ್ಲಿ, ಮುಂಬಯಿಯಲ್ಲಿ ಸ್ನಾನ ಪಡೆದವರಿಗೂ ಇದೇ ನಿಯಮ. ಮನೆಯಲ್ಲಿರುವ ಹಳೆಯ ಪ್ರತಿ ಮದುವೆಗೆ ಸಾಕಾಗುವುದಿಲ್ಲ, ಆರು ತಿಂಗಳೊಳಗೆ ಕೊಟ್ಟ ಪ್ರತಿಯನ್ನೇ ಕೇಳುತ್ತಾರೆ. ಕ್ರಿಜ್ಮಾ, ಮದುವೆ, ಗುರುದೀಕ್ಷೆ ಎಲ್ಲವನ್ನೂ ಆ ಮೂಲ ಸಾಲಿನ ಪಕ್ಕದಲ್ಲೇ ಗುರುತು ಹಾಕುವುದರಿಂದ ಹಳೆಯ ಪ್ರತಿಯಲ್ಲಿ ಈಚಿನ ಸಂಗತಿ ಸಿಗುವುದಿಲ್ಲ.

ಇನ್ನು ಗಾಡ್‌ಫಾದರ್. ಒಬ್ಬರು ಸಾಕು. ಇಬ್ಬರಾದರೆ ಒಬ್ಬ ಗಂಡು, ಒಬ್ಬ ಹೆಣ್ಣು. 16 ವರ್ಷ ತುಂಬಿರಬೇಕು, ಕಥೊಲಿಕರಾಗಿರಬೇಕು, ಪರಮಪ್ರಸಾದ ಮತ್ತು ಕ್ರಿಜ್ಮಾ ಪಡೆದಿರಬೇಕು, ವಿಶ್ವಾಸಕ್ಕೆ ತಕ್ಕ ಬದುಕು ಇರಬೇಕು. ಮಗುವಿನ ಸ್ವಂತ ತಂದೆ ತಾಯಿ ಆಗುವಂತಿಲ್ಲ. ಅಜ್ಜ ಅಜ್ಜಿ ಆಗಬಹುದು. ಬೇರೆ ಸಭೆಯ ಸ್ನಾನ ಪಡೆದವರು ಕಥೊಲಿಕ ಗಾಡ್‌ಪೇರೆಂಟ್ ಒಬ್ಬರ ಜೊತೆ ಸಾಕ್ಷಿಯಾಗಿ ನಿಲ್ಲಬಹುದು, ಒಬ್ಬರೇ ನಿಲ್ಲುವಂತಿಲ್ಲ. ಆದರೆ ನಿಮ್ಮ ಚಿಕ್ಕಪ್ಪನ ಮಗ ಕಥೊಲಿಕನಾಗಿದ್ದು ಬಿಟ್ಟುಹೋದವನು. ಅವನನ್ನು ಸಾಕ್ಷಿಯಾಗಿ ಒಪ್ಪಬೇಕೇ ಎಂಬುದು ಫಾದರ್ ಅವರ ತೀರ್ಮಾನ. ಕರೆಯೋಲೆ ಅಚ್ಚಾಗುವ ಮೊದಲೇ ಹೋಗಿ ಕೇಳಿ. ನನ್ನ ಅಭಿಪ್ರಾಯ ಕೇಳುವುದಾದರೆ, ಮಕ್ಕಳಿಗೆ ಕೊಡುವುದು ಸ್ನಾನವೇ ಅಲ್ಲ ಎಂದು ನಂಬುವವನನ್ನು ಆ ಸ್ನಾನಕ್ಕೆ ಸಾಕ್ಷಿ ನಿಲ್ಲಿಸುವುದು ಅವನ ಮನಸ್ಸಾಕ್ಷಿಗೂ ಕಷ್ಟ. ಮಗುವಿನ ಮೇಲಿನ ಪ್ರೀತಿಗೆ ಬೇರೆ ನೂರು ದಾರಿ ಉಂಟು.

ದಫ್ತರಿಗೆ ಬರುವಾಗ ಪಂಚಾಯತಿನ ಜನನ ಪ್ರಮಾಣಪತ್ರದ ಪ್ರತಿ, ತಂದೆತಾಯಿಯ ಮದುವೆ ಪ್ರಮಾಣಪತ್ರ, ಗಾಡ್‌ಪೇರೆಂಟ್ ಬೇರೆ ಇಗರ್ಜಿಯವರಾದರೆ ಅಲ್ಲಿನ ಫಾದರ್ ಅವರ ಪತ್ರ ತನ್ನಿ. ಇಗರ್ಜಿಯ ವಾರ್ಡಿನ ಮುಖಂಡರಾದ ಗುರಿಕಾರರಿಗೂ ಒಂದು ಮಾತು ಹೇಳಿ. ಜನನ ನೋಂದಣಿಗೆ ಇರುವುದು 21 ದಿನ. ಅದಕ್ಕೂ ಜ್ಞಾನಸ್ನಾನಕ್ಕೂ ಸಂಬಂಧ ಇಲ್ಲ, ಆದರೆ ಹೆಸರಿನ ಅಕ್ಷರ ಎರಡೂ ಕಡೆ ಒಂದೇ ಇರಲಿ. ಡಿಸೋಜ ಎಂಬ ಒಂದು ಮನೆಹೆಸರನ್ನೇ ಇಂಗ್ಲಿಷಿನಲ್ಲಿ ನಾಲ್ಕು ರೀತಿ ಬರೆಯುತ್ತಾರೆ. ಕೇರಳದ ದಾಖಲೆಯಲ್ಲಿ ಮನೆತನದ ಹೆಸರು ಬರೀ ಇನಿಶಿಯಲ್ ಆಗಿ ಕೂತರೆ ಮುಂದೆ ಪಾಸ್‌ಪೋರ್ಟಿಗೆ ಹೊರಟಾಗ ಹೆಸರು ತಾಳೆಯಾಗುವುದಿಲ್ಲ.

ಬಟ್ಟೆಯ ಬಗ್ಗೆ ಒಂದು ಸೂಚನೆ. ಎದೆಗೆ ಎಣ್ಣೆ ಹಚ್ಚುವುದರಿಂದ ಮುಂದೆ ಬಿಚ್ಚುವಂಥ ಹತ್ತಿಯ ಅಂಗಿ ತೊಡಿಸಿ. ನೈಲಾನ್ ಗೌನು ತೊಟ್ಟ ಮಗುವಿನ ಹತ್ತಿರ ಉರಿಯುವ ಮೇಣದಬತ್ತಿ ತರುವುದು ಅಪಾಯ. ಬತ್ತಿಯನ್ನು ಗಾಡ್‌ಫಾದರ್ ಒಂದು ಮೊಳ ದೂರದಲ್ಲಿ ಹಿಡಿಯಲಿ. ಟೊಪ್ಪಿಯನ್ನು ನೀರು ಹೊಯ್ಯುವ ಮೊದಲು ಪೂರ್ತಿ ತೆಗೆಯಿರಿ. ನೀರು ತಲೆಯ ಚರ್ಮದ ಮೇಲೆ ಹರಿಯಬೇಕು, ಬರೀ ಕೂದಲಿನ ಮೇಲೆ ಜಾರಿದರೆ ಅನುಮಾನಕ್ಕೆ ಎಡೆಯಾಗುತ್ತದೆ. ಹಾಲೂಡಿಸಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಕರೆತಂದರೆ ಮಗು ಸಮಾಧಾನದಲ್ಲಿರುತ್ತದೆ.

ಚಂದ್ರಗಿರಿ ದಡ ಉತ್ತರ:

ನಾನು ಮುಳುಗುವ ಸ್ನಾನವನ್ನೇ ನಂಬುವ ಸಭೆಯವನು. ನಮ್ಮ ಕಡೆಯ ಮಾತೂ ಇಲ್ಲಿ ಸರಿಯಾಗಿ ಬರಲಿ ಎಂದು ಬರೆಯುತ್ತಿದ್ದೇನೆ.

'ಮತ್ತೆ ಸ್ನಾನ' ಎಂದು ನಾವು ಹೇಳುವುದಿಲ್ಲ. ವಿಶ್ವಾಸ ಮೊದಲು, ನೀರು ಆಮೇಲೆ ಎಂಬುದು ನಮ್ಮ ಓದು. ಮಾರ್ಕನ 16ನೇ ಅಧ್ಯಾಯದಲ್ಲಿ ನಂಬುವುದು ಮೊದಲು ಬರುತ್ತದೆ. ಅಪೊಸ್ತಲರ ಕೃತ್ಯಗಳ (ಮೇಲೆ ಹೇಳಿದ ಪ್ರೇಷಿತರ ಕಾರ್ಯಕಲಾಪಗಳು ಇದೇ) 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿ ವಚನ ಕೇಳಿ, ಫಿಲಿಪ್ಪನ ಜೊತೆ ನೀರಿಗೆ ಇಳಿಯುತ್ತಾನೆ. ಮಗುವಾಗಿದ್ದಾಗ ಆದದ್ದನ್ನು ನಾವು ತಂದೆತಾಯಿ ಮಾಡಿದ ಸಮರ್ಪಣೆ ಎಂದು ನೋಡುತ್ತೇವೆ. ಆದ್ದರಿಂದ ಬೆಳೆದ ಮೇಲೆ ತೆಗೆದುಕೊಳ್ಳುವುದೇ ನಮಗೆ ಮೊದಲನೆಯದು. 1525ರಲ್ಲಿ ಜ್ಯೂರಿಕ್‌ನಲ್ಲಿ ಇದೇ ವಾದಕ್ಕಾಗಿ ಬೇರೆಯಾದವರಲ್ಲಿ ಕೆಲವರು ಅದಕ್ಕಾಗಿ ಜೀವವನ್ನೇ ಕೊಟ್ಟರು. ನಮ್ಮ ಸಭೆಗಳಲ್ಲಿ ಕೂಸುಗಳನ್ನು ವೇದಿಕೆಗೆ ತಂದು ಪ್ರಾರ್ಥಿಸಿ ಆಶೀರ್ವದಿಸುತ್ತಾರೆ, ನೀರು ಬಳಸುವುದಿಲ್ಲ. ನಿಮ್ಮ ಚಿಕ್ಕಪ್ಪನ ಮಗನಿಗೆ ಹೇಳಿ: ಮಗುವಿಗಾಗಿ ಪ್ರಾರ್ಥಿಸಲು ಗಾಡ್‌ಫಾದರ್ ಎಂಬ ಸ್ಥಾನ ಬೇಕಾಗಿಲ್ಲ.

ನಮ್ಮ ಕಡೆ ಹೊಳೆಯಲ್ಲಿ ಸ್ನಾನ ಮಾಡಿಸುವವರಿಗೆ ಕೆಲವು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಚಂದ್ರಗಿರಿ, ಶಿರಿಯ, ಉಪ್ಪಳ ಹೊಳೆಗಳಿಗೆ ಇಳಿಯಲೇಬೇಡಿ. ಘಟ್ಟದಲ್ಲಿ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಅಳಿವೆಯ ಹತ್ತಿರ ಭರತ ಇಳಿತ ನೋಡದೆ ಹೋದರೆ ಸೊಂಟದ ನೀರು ಕುತ್ತಿಗೆಗೆ ಬರುತ್ತದೆ. ತೋಟಕ್ಕಾಗಿ ಹೊಳೆಗೆ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟಿದ ಮೇಲೆ, ಡಿಸೆಂಬರ್ ನಂತರ, ಕಟ್ಟದ ಹಿಂದೆ ನಿಂತ ನೀರು ಅನುಕೂಲ, ಆದರೆ ತೋಟದವರ ಒಪ್ಪಿಗೆ ಕೇಳಿ. ಆಳ ಮೂರರಿಂದ ಮೂರೂವರೆ ಅಡಿ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ಹಿಂದಕ್ಕೆ ಬಾಗಿಸುವಾಗ ತಲೆ ತಳಕ್ಕೆ ತಾಗುತ್ತದೆ. ಪಾಚಿ ಹಿಡಿದ ಮುರಕಲ್ಲು ತುಂಬಾ ಜಾರುತ್ತದೆ, ಮರಳಿನ ತಳ ಹುಡುಕಿ. ಇಬ್ಬರು ನಿಲ್ಲಬೇಕು: ಒಬ್ಬರ ಒಂದು ಕೈ ಬೆನ್ನಿಗೆ, ಇನ್ನೊಂದು ಕೈ ಸ್ನಾನ ತೆಗೆದುಕೊಳ್ಳುವವರ ಮೂಗು ಮುಚ್ಚಿದ ಕೈಯ ಮೇಲೆ, ಎರಡನೆಯವರು ಎತ್ತಲು. ಮಾತುಗಳನ್ನು ಪೂರ್ತಿ ಹೇಳಿ, ಉಸಿರು ಎಳೆದುಕೊಳ್ಳಲು ಬಿಟ್ಟು, ಆಮೇಲೆ ಮುಳುಗಿಸಿ. ಮುಳುಗಿಸಿಕೊಂಡು ಮಾತು ಹೇಳುವುದು ಅಪಾಯ. ತೆಳು ಬಿಳಿ ಬಟ್ಟೆ ಒದ್ದೆಯಾದರೆ ಹೆಣ್ಣುಮಕ್ಕಳಿಗೆ ಮುಜುಗರ, ಒಳಗೆ ದಪ್ಪ ಗಾಢ ಬಣ್ಣದ ಬಟ್ಟೆ ಇರಲಿ. ಫಿಟ್ಸ್ ಬರುವವರನ್ನು, ಹೃದ್ರೋಗ ಇರುವವರನ್ನು ತೊಟ್ಟಿಯ ಬೆಚ್ಚಗಿನ ನೀರಿಗೇ ಇಳಿಸಿ.

ಮುಳ್ಳೇರಿಯ ಕನ್ನಡಿಗ ಉತ್ತರ:

ಎರಡೂ ಬದಿಗಳ ನಡುವೆ ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟೆಂಟ್) ಸಭೆಯ ಮಾತೂ ಇರಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನಿಂದ ಬೆಳೆದ ಸಭೆಗಳಲ್ಲೂ, 1947ರಲ್ಲಿ ಒಂದಾದ ಸಿಎಸ್‌ಐಯಲ್ಲೂ ಕೂಸುಗಳಿಗೆ ದೀಕ್ಷಾಸ್ನಾನ ಉಂಟು. ಬೆಳೆದ ಮೇಲೆ ದೃಢೀಕರಣದಲ್ಲಿ ಮಗು ತನ್ನ ಬಾಯಿಂದ ಆ ವಿಶ್ವಾಸವನ್ನು ಒಪ್ಪಿಕೊಳ್ಳುತ್ತದೆ. ಕಥೊಲಿಕ ಸಭೆಯಿಂದ ಬಂದವರಿಗೆ ಮತ್ತೆ ಸ್ನಾನ ಇಲ್ಲ, ನಮ್ಮಿಂದ ಅಲ್ಲಿಗೆ ಹೋದವರಿಗೂ ಇಲ್ಲ. ಚಂದ್ರಗಿರಿ ದಡದವರು ಹೇಳಿದ ಮುಳುಗುವ ರೂಪಕ್ಕೂ ನಮ್ಮಲ್ಲಿ ಅಡ್ಡಿ ಇಲ್ಲ. ಕಥೊಲಿಕ ಕಾನೂನು ಕೂಡ ಮುಳುಗಿಸುವುದನ್ನೂ ಹೊಯ್ಯುವುದನ್ನೂ ಸಮಾನವಾಗಿ ಒಪ್ಪುತ್ತದೆ. ಆದಿ ಸಭೆಯ 'ದಿದಖೆ' ಎಂಬ ಬೋಧನಾ ಗ್ರಂಥದ 7ನೇ ಅಧ್ಯಾಯದಲ್ಲಿ ಹರಿಯುವ ನೀರಾದರೆ ಒಳ್ಳೆಯದು, ಇಲ್ಲದಿದ್ದರೆ ಬೇರೆ ನೀರು, ಅದೂ ಸಾಲದಿದ್ದರೆ ತಲೆಗೆ ಮೂರು ಸಲ ಹೊಯ್ಯಿರಿ ಎಂದಿದೆ. ಹೊಯ್ಯುವ ಪದ್ಧತಿ ನಡುವೆ ಯಾರೋ ತಂದು ಸೇರಿಸಿದ್ದಲ್ಲ.

ಸಭೆಗಳು ಒಂದರ ಸ್ನಾನವನ್ನು ಇನ್ನೊಂದು ಒಪ್ಪುವುದು ಎರಡರ ಮೇಲೆ ನಿಂತಿದೆ: ನಿಜವಾದ ನೀರು, ಮತ್ತು ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಹೆಸರು. ಕೊಡುವವನಿಗೆ ಸಭೆ ಮಾಡುವುದನ್ನೇ ತಾನೂ ಮಾಡುವ ಉದ್ದೇಶ ಇರಬೇಕು. ಅವನ ಪಾವಿತ್ರ್ಯ ಲೆಕ್ಕಕ್ಕಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನೇ ಕೊಟ್ಟರೂ ಕೊಡುವವನು ಕ್ರಿಸ್ತನೇ ಎಂಬ ಸಂತ ಅಗಸ್ಟೀನರ ವಾದ, ಅಯೋಗ್ಯರು ಕೊಟ್ಟ ಸಂಸ್ಕಾರ ಸಲ್ಲದು ಎನ್ನುತ್ತಿದ್ದ ದೊನಾತಿಸ್ಟರ ಕಾಲದಿಂದ ಗಟ್ಟಿಯಾಗಿ ನಿಂತಿದೆ. 'ಯೇಸುವಿನ ಹೆಸರಿನಲ್ಲಿ' ಎಂದಷ್ಟೇ ಹೇಳಿ ಮುಳುಗಿಸುವ ಕೆಲವು ಪೆಂತೆಕೋಸ್ತ್ ಗುಂಪುಗಳ ಸ್ನಾನವನ್ನು ಕಥೊಲಿಕ ಸಭೆ ಒಪ್ಪುವುದಿಲ್ಲ. ಮಾತನ್ನು ಚಂದಗಾಣಿಸಲು ಹೋಗಿಯೂ ಕೆಡುತ್ತದೆ. 'ಸೃಷ್ಟಿಕರ್ತ, ವಿಮೋಚಕ, ಪಾವನಗೊಳಿಸುವವ' ಎಂಬ ಹೆಸರುಗಳಲ್ಲಿ ಕೊಟ್ಟ ಸ್ನಾನ ಅಸಿಂಧು ಎಂದು 2008ರಲ್ಲಿ, 'ನಾನು' ಎನ್ನುವಲ್ಲಿ 'ನಾವು ಕೊಡುತ್ತೇವೆ' ಎಂದರೆ ಅಸಿಂಧು ಎಂದು 2020ರಲ್ಲಿ ವ್ಯಾಟಿಕನ್ ಹೇಳಿತು. ಒಬ್ಬರು ನೀರು ಹೊಯ್ದು ಇನ್ನೊಬ್ಬರು ಮಾತು ಹೇಳುವುದೂ ಸಲ್ಲದು.

ಪೈವಳಿಕೆ ಓದುಗ ಮತ್ತೆ ಕೇಳಿದ್ದು:

ಎಲ್ಲರಿಗೂ ಮನಃಪೂರ್ವಕ ವಂದನೆ. ತಮ್ಮನಿಗೂ ಅವನ ಹೆಂಡತಿಯ ಮನೆಯವರಿಗೂ ಇದನ್ನೇ ಓದಿ ಹೇಳುತ್ತೇನೆ. ಇನ್ನೊಂದೇ ಪ್ರಶ್ನೆ. ಯಾವುದಾದರೂ ಮಗು ಅವಧಿಗೆ ಮೊದಲೇ ಹುಟ್ಟಿ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಇದ್ದು ಜೀವಕ್ಕೆ ಅಪಾಯ ಎಂದಾದರೆ ಮನೆಯವರೇ ಸ್ನಾನ ಕೊಡಬಹುದು ಎಂದು ಕೇಳಿದ್ದೇನೆ. ಹೇಗೆ?

ಬೇಳ ಸೀಮೆ ಉತ್ತರ:

ಕೊಡಬಹುದು. ಫಾದರ್ ಬರುವಷ್ಟು ಹೊತ್ತಿಲ್ಲದಿದ್ದರೆ ಯಾರೇ ಆದರೂ ಕೊಡಬಹುದು: ತಂದೆ, ತಾಯಿ, ನರ್ಸ್, ಸಭೆ ಮಾಡುವುದನ್ನೇ ಮಾಡುತ್ತೇನೆ ಎಂಬ ಉದ್ದೇಶ ಇದ್ದರೆ ಕ್ರೈಸ್ತರಲ್ಲದವರು ಕೂಡ.

ನೀರು ಬಾವಿಯದ್ದು, ನಳ್ಳಿಯದ್ದು, ಮಳೆಯದ್ದು, ಸಮುದ್ರದ್ದು, ಯಾವುದಾದರೂ ಆಗುತ್ತದೆ. ಎಳನೀರು, ಹಾಲು, ಎಣ್ಣೆ ಆಗುವುದಿಲ್ಲ. ಎನ್‌ಐಸಿಯುನಲ್ಲಿ ನರ್ಸ್ ಅವರನ್ನು ಕೇಳಿ ಸ್ಟೆರೈಲ್ ವಾಟರನ್ನು ಮೈಯ ಬಿಸಿಗೆ ತಂದು, ಸೂಜಿ ಇಲ್ಲದ ಸಿರಿಂಜಿನಲ್ಲಿ ಎರಡು ಮೂರು ಎಂ.ಎಲ್. ತೆಗೆದುಕೊಂಡರೆ ಸಾಕು. ಗ್ಲೂಕೋಸ್ ಬೇಡ. ಕೈ ತೊಳೆದು, ಮಗುವಿನ ಹಣೆಯ ಮೇಲೆ ನೀರು ಹರಿಯುವಂತೆ ಬಿಡುತ್ತಾ, ಅದೇ ಹೊತ್ತಿಗೆ ಅದೇ ವ್ಯಕ್ತಿ ಹೇಳಬೇಕು: ಹೆಸರು ಕರೆದು, 'ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ.' ಕೊಂಕಣಿಯಲ್ಲಿ, ಮಲಯಾಳದಲ್ಲಿ ಹೇಳಿದರೂ ಸರಿಯೇ. ಒದ್ದೆ ಬೆರಳು ಮುಟ್ಟಿಸಿದರೆ ಸಾಲದು, ನೀರು ಹರಿಯಬೇಕು. ಕೂಡಲೇ ಗಾಜ್ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ತಿಂಗಳು ತುಂಬದ ಮಗುವಿನ ಚರ್ಮ ಬಹಳ ತೆಳು, ಥಂಡಿಯೂ ಬೇಗ ತಗಲುತ್ತದೆ.

ಅಷ್ಟರೊಳಗೆ ಮಗು ತೀರಿಕೊಂಡಿದ್ದರೆ ಸ್ನಾನ ಕೊಡುವುದಿಲ್ಲ, ಸಂಸ್ಕಾರಗಳು ಇರುವುದು ಬದುಕಿರುವವರಿಗೆ. ಅದರಿಂದ ಮಗು ದೇವರ ಕೈ ತಪ್ಪಿತು ಎಂದು ಯಾರೂ ಆ ತಾಯಿಗೆ ಹೇಳಬಾರದು. ದೇವರು ತನ್ನ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ ಎಂದು ಕಥೊಲಿಕ ಧರ್ಮೋಪದೇಶವೇ ಹೇಳುತ್ತದೆ, ಅಂಥ ಮಕ್ಕಳನ್ನು ಅವನ ಕರುಣೆಗೆ ಒಪ್ಪಿಸುತ್ತದೆ. ತಂದೆತಾಯಿಗೆ ಸ್ನಾನ ಕೊಡಿಸುವ ಮನಸ್ಸಿತ್ತಾದರೆ ಬಿಷಪರ ಒಪ್ಪಿಗೆಯಿಂದ ಸಭೆಯ ವಿಧಿಯಲ್ಲೇ ಅಂತ್ಯಕ್ರಿಯೆ ನಡೆಸಬಹುದು.

ಮಗು ಬದುಕಿ ಮನೆಗೆ ಬಂದರೆ ಮತ್ತೆ ನೀರು ಹೊಯ್ಯುವಂತಿಲ್ಲ. ಇಗರ್ಜಿಯಲ್ಲಿ ಬಾಕಿ ಉಳಿದದ್ದನ್ನು ಮಾತ್ರ ಪೂರೈಸುತ್ತಾರೆ: ನೆತ್ತಿಗೆ ಪವಿತ್ರ ತೈಲ, ಬಿಳಿ ವಸ್ತ್ರ, ಪಾಸ್ಖಾ ಬತ್ತಿಯಿಂದ ಹಚ್ಚಿದ ದೀಪ. ಆದ್ದರಿಂದ ಸ್ನಾನ ಕೊಟ್ಟ ದಿನವೇ ಒಂದು ಕಾಗದದಲ್ಲಿ ಹೆಸರು, ತಾರೀಕು, ಆಸ್ಪತ್ರೆ, ಕೊಟ್ಟವರು ಯಾರು, ಯಾವ ನೀರು, ಯಾವ ಮಾತು ಎಂದು ಬರೆದು, ನೋಡಿದ ಒಬ್ಬರ ಸಹಿ ಹಾಕಿಸಿ ಫಾದರ್ ಅವರಿಗೆ ತಲುಪಿಸಿ. ಪುಸ್ತಕಕ್ಕೆ ಏರಿಸಲು ನಂಬಲರ್ಹ ಸಾಕ್ಷಿ ಒಬ್ಬರಿದ್ದರೆ ಸಾಕು.